ಗಡಿಯಾಚೆಯಿಂದ ಬಂದ ನೀರು

ಕಳೆದ ಮಳೆಗಾಲ ಮುಗಿಯುತ್ತಿದ್ದ ದಿನಗಳಲ್ಲಿ ಸವಣೂರಿನ ಸಮೀಪದ ಮನೆಯೊಂದಕ್ಕೆ ಸಂಜೆಯ ಪ್ರಾರ್ಥನೆಗೆಂದು ಹೋಗಿದ್ದೆ. ಪ್ರಾರ್ಥನೆ ಮುಗಿದು ಕಾಫಿ ಕುಡಿಯುತ್ತಿರುವಾಗ ಮನೆಯ ಯಜಮಾನರು ಮೆಲ್ಲನೆ ಬಳಿ ಬಂದು, "ಫಾದರ್, ಒಂದು ಗಳಿಗೆ ತೋಟಕ್ಕೆ ಬರುತ್ತೀರಾ?" ಎಂದರು. ಟಾರ್ಚ್ ಹಿಡಿದು ಮೆಟ್ಟಿಲಿಳಿದೆವು. ಅವರು ಬಾಗಿದ ಅಡಿಕೆ ಸೋಗೆಯೊಂದನ್ನು ಹಿಡಿದು ಬೆಳಕಿಗೆ ತೋರಿಸಿದರು. ಎಲೆಯ ತುಂಬ ಕಂದು ಚುಕ್ಕಿಗಳು, ಪ್ರತಿ ಚುಕ್ಕಿಯ ಸುತ್ತಲೂ ಹಳದಿಯ ಉಂಗುರ. ಅಡಿಕೆ ಬೆಳೆಗಾರರ ನಿದ್ದೆಗೆಡಿಸಿರುವ ಎಲೆಚುಕ್ಕಿ ರೋಗ ಅದು.

"ಎರಡು ಸಲ ಮದ್ದು ಬಿಡಿಸಿದೆ. ಸೋಗೆ ಕಡಿಸಿ ಸುಟ್ಟೆ. ಆದರೆ ಆಚೆಯ ತೋಟದಲ್ಲಿ ಯಾರೂ ಮದ್ದು ಬಿಡುವುದಿಲ್ಲ. ಒಂದು ಗಾಳಿಮಳೆ ಬಂದರೆ ಸಾಕು, ಅಲ್ಲಿಯದು ಮರಳಿ ಇಲ್ಲಿಗೆ ಬರುತ್ತದೆ" ಎಂದರು.

"ಅವರೊಡನೆ ಮಾತನಾಡಿದ್ದೀರಾ?" ಎಂದು ಕೇಳಿದೆ.

ಅವರು ಉತ್ತರ ಕೊಡಲಿಲ್ಲ. ಟಾರ್ಚಿನ ಬೆಳಕನ್ನು ನೆಲಕ್ಕೆ ಇಳಿಸಿದರು. ಆಚೆಯ ತೋಟ ಅವರ ದೊಡ್ಡಪ್ಪನ ಮಗನದು. ನಡುವಿನ ಅಗಳಿನ ವಿಷಯದಲ್ಲಿ ಜಗಳವಾಗಿ, ವ್ಯಾಜ್ಯ ನ್ಯಾಯಾಲಯ ಸೇರಿ, ಆರು ವರ್ಷಗಳಿಂದ ಎರಡು ಮನೆಗಳ ನಡುವೆ ಮಾತಿಲ್ಲ. ಭಾನುವಾರ ಎರಡೂ ಕುಟುಂಬಗಳು ಒಂದೇ ಬಲಿಪೂಜೆಗೆ ಬರುತ್ತವೆ. ಆದರೆ ಬೇರೆ ಬೇರೆ ಬಾಗಿಲಿನಿಂದ ಹೊರಗೆ ಹೋಗುತ್ತವೆ.

ಆ ರಾತ್ರಿ ಮನೆಗೆ ಹಿಂದಿರುಗುವಾಗ ನನ್ನ ಮನಸ್ಸನ್ನು ಗಡಿ ಎಂಬ ಪದವೇ ತುಂಬಿತ್ತು. ಆ ಪದದೊಂದಿಗೆ ನನಗೆ ಹುಟ್ಟಿನಿಂದ ಬಂದ ಸಂಬಂಧವಿದೆ. ಅದರ ವಿಷಯದಲ್ಲಿ ನಾನು ತೀರಿಸಬೇಕಾದ ಋಣವೂ ಒಂದಿದೆ. ಎರಡನ್ನೂ ಓದುಗರ ಮುಂದಿಡುವುದು ಈ ಬರಹದ ಉದ್ದೇಶ.

ನಾನು ಹುಟ್ಟಿದ್ದು ಕಾಸರಗೋಡು ಜಿಲ್ಲೆಯ ಪೆರ್ಲದ ಕಡೆಯ ಹಳ್ಳಿಯೊಂದರಲ್ಲಿ. ನಮ್ಮ ಅಂಗಳ ಕೇರಳ. ಗುಡ್ಡ ಹತ್ತಿ ಇಳಿದರೆ ಸಿಗುವ ಅಜ್ಜಿಮನೆ ಕರ್ನಾಟಕ. ಮನೆಯಲ್ಲಿ ಕೊಂಕಣಿ, ತೋಟದ ಕೆಲಸದವರೊಡನೆ ತುಳು, ಶಾಲೆಯಲ್ಲಿ ಕನ್ನಡ, ಸರಕಾರಿ ಕಚೇರಿಯ ಮೇಜಿನ ಮುಂದೆ ಮಲಯಾಳ. ಬಾಲ್ಯದಲ್ಲಿ ಇದು ನಮಗೆ ವಿಶೇಷವೆಂದು ತೋರಿದ್ದೇ ಇಲ್ಲ. 1956ರ ನವೆಂಬರ್ 1ರವರೆಗೆ ಕಾಸರಗೋಡು, ಪುತ್ತೂರು, ಮಂಗಳೂರು ಎಲ್ಲವೂ ಮದ್ರಾಸ್ ರಾಜ್ಯದ ಒಂದೇ ದಕ್ಷಿಣ ಕನ್ನಡ ಜಿಲ್ಲೆಯ ಊರುಗಳಾಗಿದ್ದವು. ಆ ದಿನ ಕಾಸರಗೋಡು ಕೇರಳಕ್ಕೂ ಉಳಿದ ಭಾಗ ಅಂದಿನ ಮೈಸೂರು ರಾಜ್ಯಕ್ಕೂ ಸೇರಿತು. ಚಂದ್ರಗಿರಿ ಹೊಳೆಯ ಉತ್ತರದ ಪ್ರದೇಶ ಮೈಸೂರಿಗೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಶಿಫಾರಸು ಮಾಡಿತು; ಅದು ಜಾರಿಯಾಗಲಿಲ್ಲ. ಕವಿ ಕಯ್ಯಾರ ಕಿಞ್ಞಣ್ಣ ರೈಗಳಂಥವರು ಅದಕ್ಕಾಗಿ ಜೀವಮಾನವಿಡೀ ಧ್ವನಿಯೆತ್ತಿದರು. ಆ ನೋವನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ನಮ್ಮ ತಂದೆಯವರು ಹೇಳುತ್ತಿದ್ದ ಮಾತು ಬೇರೆ: "ಗೆರೆ ಎಳೆದವರು ಎಳೆದರು. ಅಡಿಕೆ ಒಣಗುವುದು ಎರಡೂ ಕಡೆ ಒಂದೇ ಬಿಸಿಲಿಗೆ."

ನಮ್ಮ ಧರ್ಮಪ್ರಾಂತವೂ ಆ ಗೆರೆಯನ್ನು ಅನುಸರಿಸಲಿಲ್ಲ. ಬೇಳ, ಕಯ್ಯಾರು, ವರ್ಕಾಡಿ, ಮಂಜೇಶ್ವರ, ಕಾಸರಗೋಡಿನ ಚರ್ಚುಗಳು ಅಂದಿನಂತೆ ಇಂದೂ ಮಂಗಳೂರು ಧರ್ಮಪ್ರಾಂತಕ್ಕೇ ಸೇರಿವೆ. ಎರಡು ರಾಜ್ಯಗಳ ನಡುವೆ ವರ್ಗವಾಗುತ್ತ ಸೇವೆ ಮಾಡುವ ನಮ್ಮಂಥ ಗುರುಗಳಿಗೆ ಅದು ಒಂದೇ ಮನೆಯ ಎರಡು ಕೋಣೆಗಳಿದ್ದಂತೆ.

ಅಡಿಕೆಯ ಕಥೆಯೂ ಹೀಗೆಯೇ. 1970ರ ದಶಕದ ಆರಂಭದಲ್ಲಿ ಅಡಿಕೆಯ ಬೆಲೆ ನೆಲಕಚ್ಚಿತು. ನಲವತ್ತು ನಲವತ್ತೈದು ದಿನ ಅಂಗಳದಲ್ಲಿ ಒಣಗಿಸಿ, ಸುಲಿದು, ಗೋಣಿಯಲ್ಲಿ ತುಂಬಿ ಹೊತ್ತುಕೊಂಡು ಹೋದ ಚಾಲಿಗೆ ವ್ಯಾಪಾರಿ ಹೇಳಿದ್ದೇ ದರ. ಇದು ಹೊಸತು, ಇದು ಹಳತು, ಇದು ಪಟೋರ, ಇದು ಉಳ್ಳಿ, ಇದು ಕರಿಗೋಟು ಎಂದು ವಿಂಗಡಿಸುವ ಕೈಯೂ ವ್ಯಾಪಾರಿಯದೇ. ಬೆಳೆಗಾರನಿಗೆ ಗೋಣಿಯನ್ನು ಮರಳಿ ಹೊತ್ತು ತರುವ ಸ್ವಾತಂತ್ರ್ಯ ಮಾತ್ರ ಇತ್ತು. ಬಸ್ಸಿನ ಬಾಡಿಗೆ ಕೊಟ್ಟ ಮೇಲೆ ಅದೂ ಇರಲಿಲ್ಲ.

ಆಗ ಅಡ್ಯನಡ್ಕದ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ಎರಡೂ ಕಡೆಯ ಬೆಳೆಗಾರರು ಒಂದಾದರು. ಅಡ್ಯನಡ್ಕವೆಂದರೆ ವಿಟ್ಲದಿಂದ ಪೆರ್ಲಕ್ಕೆ ಹೋಗುವ ದಾರಿಯಲ್ಲಿ, ಗಡಿಗೆ ತಾಗಿದಂತಿರುವ ಊರು. ಕರ್ನಾಟಕ, ಕೇರಳ ಎರಡೂ ಸರಕಾರಗಳ ಸಹಭಾಗಿತ್ವದಲ್ಲಿ 1973ರ ಜುಲೈ 11ರಂದು ಮಂಗಳೂರಿನಲ್ಲಿ ಕ್ಯಾಂಪ್ಕೊ ಸಂಸ್ಥೆ ಹುಟ್ಟಿತು. ಸುಬ್ರಾಯ ಭಟ್ಟರೇ ಸ್ಥಾಪಕಾಧ್ಯಕ್ಷರು. ಒಂದು ರಾಜ್ಯದ ಸಹಕಾರಿ ಕಾನೂನು ಇನ್ನೊಂದು ರಾಜ್ಯದಲ್ಲಿ ನಡೆಯದು. ಆದುದರಿಂದ ಒಂದಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ವ್ಯವಹರಿಸುವ ಸಂಸ್ಥೆಗಳಿಗೆಂದೇ ಇರುವ ಕೇಂದ್ರದ ಕಾನೂನಿನಡಿ ಅದು ನೋಂದಣಿಯಾಯಿತು. ಇಂದು ಅದಕ್ಕೆ ಲಕ್ಷಕ್ಕೂ ಹೆಚ್ಚು ಸದಸ್ಯರು. ಪುತ್ತೂರಿನ, ಸುಳ್ಯದ ಬೆಳೆಗಾರನೂ ಬದಿಯಡ್ಕದ ಬೆಳೆಗಾರನೂ ಅಲ್ಲಿ ಸಮಾನ ಒಡೆಯರು. ಸಂಸ್ಥೆ ತನ್ನ ದರವನ್ನು ಬಹಿರಂಗವಾಗಿ ಸಾರುವುದರಿಂದ, ಅಡಿಕೆಯನ್ನು ಹೊರಗಿನ ವ್ಯಾಪಾರಿಗೆ ಮಾರುವವನೂ ಆ ದರವನ್ನು ತಿಳಿದೇ ಅಂಗಡಿಯ ಮೆಟ್ಟಿಲು ಹತ್ತುತ್ತಾನೆ. ಸದಸ್ಯನಲ್ಲದವನಿಗೂ ಅದರ ನೆರಳು ದೊರೆಯಿತು.

ಆ ನೆರಳಿನ ಬೆಲೆ ನನಗೆ ತಿಳಿದದ್ದು ಅಡಿಕೆಯಿಂದಲ್ಲ, ಕೊಕ್ಕೋದಿಂದ. ಅಡಿಕೆ ಮರಗಳ ನಡುವೆ ಕೊಕ್ಕೋ ಬೆಳೆಸಿರೆಂದು ಎಪ್ಪತ್ತರ ದಶಕದಲ್ಲಿ ಎಲ್ಲೆಡೆ ಪ್ರೋತ್ಸಾಹ ದೊರೆತಿತ್ತು. ನಮ್ಮ ತಂದೆಯವರೂ ನೂರಿನ್ನೂರು ಗಿಡ ನೆಟ್ಟರು. ಖಾಸಗಿ ಕಂಪನಿಯೊಂದು ಹಸಿ ಬೀಜವನ್ನು ಕೊಳ್ಳುತ್ತಿತ್ತು. 1980ರ ಆಸುಪಾಸು, ನಾನು ಹತ್ತು ಹನ್ನೊಂದರ ಹುಡುಗ. ಒಂದು ದಿನ ತಂದೆಯವರೊಡನೆ ಖರೀದಿ ಕೇಂದ್ರಕ್ಕೆ ಹೋಗಿದ್ದೆ. ತಲೆಯ ಮೇಲಿನ ಬುಟ್ಟಿಯಿಂದ ಲೋಳೆಯ ರಸ ಸೋರಿ ಅವರ ಅಂಗಿ ಒದ್ದೆಯಾಗಿತ್ತು. ಕೇಂದ್ರದ ಬಾಗಿಲು ಮುಚ್ಚಿತ್ತು. ಇನ್ನು ಖರೀದಿಯಿಲ್ಲವೆಂದು ಪಕ್ಕದ ಅಂಗಡಿಯವರು ಹೇಳಿದರು. ಹಸಿ ಕೊಕ್ಕೋ ಬೀಜ ಅಡಿಕೆಯಂತೆ ಅಟ್ಟದಲ್ಲಿ ಕಾಯುವ ವಸ್ತುವಲ್ಲ. ಕ್ರಮವಾಗಿ ಹುಳಿ ಬರಿಸಿ ಒಣಗಿಸದಿದ್ದರೆ ಮರುದಿನವೇ ಕೆಡುತ್ತದೆ. ಹಿಂದಿರುಗುವ ದಾರಿಯಲ್ಲಿ ತಂದೆಯವರು ಬುಟ್ಟಿಯನ್ನು ತೋಡಿನ ಬದಿಯಲ್ಲಿ ಬೋರಲು ಹಾಕಿದರು. ನಂತರ ಕೈ ತೊಳೆದು, "ಅಮ್ಮನಿಗೆ ಹೇಳಬೇಡ" ಎಂದರು. ಅಮ್ಮನಿಗೆ ಅವರ ಅಂಗಿ ನೋಡಿಯೇ ಗೊತ್ತಾಯಿತು.

ಎರಡೂ ರಾಜ್ಯಗಳಲ್ಲಿ ಬಹಳ ಮಂದಿ ಆಗ ಕೊಕ್ಕೋ ಗಿಡಗಳನ್ನು ಕಡಿದು ಹಾಕಿದರು. ಅಡಿಕೆಗಾಗಿ ಹುಟ್ಟಿದ ಕ್ಯಾಂಪ್ಕೊ ಆ ಸಂಕಟದಲ್ಲಿ ಕೊಕ್ಕೋ ಖರೀದಿಗೆ ಇಳಿಯಿತು. ಕೊಂಡ ಬೀಜವನ್ನು ಏನು ಮಾಡುವುದು ಎಂಬ ಪ್ರಶ್ನೆಗೆ ಉತ್ತರವಾಗಿ ಪುತ್ತೂರಿನ ಕೆಮ್ಮಿಂಜೆಯಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ಕಟ್ಟಿತು. 1986ರ ಸೆಪ್ಟೆಂಬರ್‌ನಲ್ಲಿ ರಾಷ್ಟ್ರಪತಿ ಜೈಲ್ ಸಿಂಗ್ ಅವರು ಬಂದು ಅದನ್ನು ಉದ್ಘಾಟಿಸಿದರು. ನಾನು ಗುರುಮಠ ಸೇರಿದ್ದು ಅದೇ ವರ್ಷ. ರಜೆಯಲ್ಲಿ ಮನೆಗೆ ಬಂದಾಗ ತಂದೆಯವರು ಅಲ್ಲಿಯ ಚಾಕೊಲೇಟೊಂದನ್ನು ನನ್ನ ಕೈಗಿತ್ತು, "ತಿನ್ನು, ನಮ್ಮದೇ ತೋಟದ್ದು" ಎಂದರು. ಅವರ ಮುಖದಲ್ಲಿ ಅಂದು ಕಂಡ ತೃಪ್ತಿಯನ್ನು ನಾನು ಮತ್ತೆ ಕಂಡದ್ದು ನನ್ನ ಗುರುದೀಕ್ಷೆಯ ದಿನ. 2024ರಲ್ಲಿ ಪಶ್ಚಿಮ ಆಫ್ರಿಕಾದ ಘಾನಾ, ಐವರಿ ಕೋಸ್ಟ್ ದೇಶಗಳಲ್ಲಿ ಬೆಳೆ ಕುಸಿದು ಜಗತ್ತಿನಲ್ಲೆಲ್ಲ ಕೊಕ್ಕೋ ಬೆಲೆ ಹಿಂದೆಂದೂ ಇಲ್ಲದಷ್ಟು ಏರಿದಾಗ, ಗಿಡ ಕಡಿಯದೆ ಉಳಿಸಿಕೊಂಡವರ ಮನೆಗಳಲ್ಲಿ ಆ ಹಳೆಯ ಕಥೆ ಮತ್ತೆ ಮಾತಿಗೆ ಬಂತು.

ಪ್ರಿಯ ಓದುಗರೇ, ಸುಸ್ಥಿರ ಅಭಿವೃದ್ಧಿ ಎಂಬ ಪದವನ್ನು ಇಂದು ಎಲ್ಲ ವೇದಿಕೆಗಳಲ್ಲಿ ಕೇಳುತ್ತೇವೆ. ಮಕ್ಕಳ ಪಾಲಿಗೂ ನೆಲ, ನೀರು, ದುಡಿಮೆ ಉಳಿಯುವಂತೆ ನಾವು ಬದುಕುವುದು ಎಂದು ನಾನು ಅದನ್ನು ಅರ್ಥಮಾಡಿಕೊಂಡಿದ್ದೇನೆ. ಬೆಂಗಳೂರಿಗೂ ತಿರುವನಂತಪುರಕ್ಕೂ ದೂರವಾದ ನಮ್ಮಂಥ ಮೂಲೆಯ ಊರುಗಳು ಅದನ್ನು ಒಂಟಿಯಾಗಿ ಸಾಧಿಸಲಾರವು. ಪುತ್ತೂರು, ಸುಳ್ಯ, ವಿಟ್ಲ, ಬದಿಯಡ್ಕ, ಕಾಸರಗೋಡು ಯಾವುದೂ ಮಹಾನಗರವಲ್ಲ. ಆದರೆ ಇವು ಗಡಿಯನ್ನು ಮೀರಿ ಕೈಹಿಡಿದಾಗಲೆಲ್ಲ ಏನಾದರೂ ಬಾಳುವಂಥದ್ದು ಹುಟ್ಟಿದೆ. 1916ರಲ್ಲಿ ತೆಂಗಿನ ಸಂಶೋಧನೆಗಾಗಿ ಕಾಸರಗೋಡಿನಲ್ಲಿ ಆರಂಭವಾದ ಕೇಂದ್ರ ಮತ್ತು ರಾಜ್ಯಗಳು ಬೇರೆಯಾದ 1956ರಲ್ಲೇ ಅಡಿಕೆಗಾಗಿ ವಿಟ್ಲದಲ್ಲಿ ಆರಂಭವಾದ ಕೇಂದ್ರ, ಇವೆರಡೂ 1970ರಲ್ಲಿ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆಯ ಅಂಗಗಳಾದವು. ಪುತ್ತೂರಿನಿಂದ 1988ರಿಂದ ಪ್ರಕಟವಾಗುತ್ತಿರುವ 'ಅಡಿಕೆ ಪತ್ರಿಕೆ'ಯನ್ನು ರೂಪಿಸಿದ ಶ್ರೀಪಡ್ರೆಯವರ ಮನೆಯಿರುವುದು ಗಡಿಯಾಚೆಯ ವಾಣೀನಗರದಲ್ಲಿ. ರೈತರೇ ಬರೆದು ರೈತರೇ ಓದುವ ಆ ಪತ್ರಿಕೆ ಎರಡೂ ಕಡೆಯ ಜಗಲಿಗಳಲ್ಲಿ ಕಾಣಸಿಗುತ್ತದೆ.

ಕೈಹಿಡಿಯದಿದ್ದಾಗ ಏನಾಗುತ್ತದೆ ಎಂಬುದಕ್ಕೂ ನಮ್ಮಲ್ಲೇ ಸಾಕ್ಷಿಯಿದೆ. ಗೇರುತೋಟಗಳ ಮೇಲೆ ಆಕಾಶದಿಂದ ಸುರಿದ ಎಂಡೋಸಲ್ಫಾನ್ ವಿಷ ಕಾಸರಗೋಡಿನ ಹಳ್ಳಿಗಳನ್ನೂ ನಮ್ಮ ಕಡೆಯ ಕೊಕ್ಕಡ, ಪಟ್ರಮೆಗಳನ್ನೂ ಸಮಾನವಾಗಿ ಕಾಡಿತು. ವಾಣೀನಗರದ ವೈದ್ಯ ಡಾ. ವೈ.ಎಸ್. ಮೋಹನ್ ಕುಮಾರ್ ತಮ್ಮ ರೋಗಿಗಳಲ್ಲಿ ಕಂಡದ್ದನ್ನು ಹೇಳತೊಡಗಿದರು, ಶ್ರೀಪಡ್ರೆಯವರು ಬರೆದರು. 2011ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ದೇಶದಾದ್ಯಂತ ಅದನ್ನು ತಡೆಯುವವರೆಗೆ ಎಷ್ಟೋ ತೊಟ್ಟಿಲುಗಳು ಕಣ್ಣೀರಿನಲ್ಲಿ ತೊಯ್ದಿದ್ದವು. ವಿಷಕ್ಕೆ ಗಡಿಯಿರಲಿಲ್ಲ, ಪರಿಹಾರಕ್ಕೆ ಮಾತ್ರ ಇತ್ತು. ಒಂದೇ ಬಗೆಯ ನೋವಿನ ಎರಡು ಮಕ್ಕಳ ತಾಯಂದಿರು ಎರಡು ರಾಜ್ಯಗಳ ಕಚೇರಿಗಳಲ್ಲಿ ಬೇರೆ ಬೇರೆ ಅರ್ಜಿಗಳನ್ನು ಹಿಡಿದು ನಿಲ್ಲಬೇಕಾಯಿತು.

ನೀರಿನ ಮಾತೂ ಹೀಗೆಯೇ. ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ ಸುಳ್ಯದ ಮೂಲಕ ಹರಿಯುವ ಪಯಸ್ವಿನಿ, ಕೇರಳದಲ್ಲಿ ಚಂದ್ರಗಿರಿ ಎಂಬ ಹೆಸರಿನಿಂದ ಕಡಲು ಸೇರುತ್ತಾಳೆ. ಬೇಸಿಗೆಯಲ್ಲಿ ಮೇಲಿನಿಂದ ಬರುವ ನೀರು ಕ್ಷೀಣಿಸಿದರೆ ಕೆಳಗೆ ಕಡಲಿನ ಉಪ್ಪು ಏರಿ ಬರುತ್ತದೆ. ಕಾಸರಗೋಡು ಪಟ್ಟಣಕ್ಕೆ ಕುಡಿಯುವ ನೀರೆತ್ತುವ ಬಾವಿಕ್ಕೆರೆಯಲ್ಲಿ ವರ್ಷಗಳ ಕಾಲ ಮರಳಿನ ಚೀಲಗಳ ತಾತ್ಕಾಲಿಕ ಒಡ್ಡು ಕಟ್ಟಿ ಆ ಉಪ್ಪನ್ನು ತಡೆಯಬೇಕಾಗಿತ್ತು. ಸುಳ್ಯದ ಗುಡ್ಡದಲ್ಲಿ ನಾವು ಎಷ್ಟು ಮರ ಉಳಿಸುತ್ತೇವೆ, ತೋಡಿನಲ್ಲಿ ಎಷ್ಟು ಕಟ್ಟ ಕಟ್ಟುತ್ತೇವೆ ಎಂಬುದು ಕಾಸರಗೋಡಿನ ಅಡುಗೆಮನೆಯ ನೀರಿನ ರುಚಿಗೂ ಸೇರಿದ ವಿಷಯ.

ಇನ್ನು ನನ್ನ ಋಣದ ಮಾತು.

2020ರಲ್ಲಿ ನಾನು ಗಡಿಯಿಂದ ಕೆಲವೇ ಕಿಲೋಮೀಟರ್ ಈಚೆಯ ಧರ್ಮಕೇಂದ್ರವೊಂದರಲ್ಲಿ ಸೇವೆಯಲ್ಲಿದ್ದೆ. ಚರ್ಚಿನ ಹಿಂದಿನ ಗುಡ್ಡದಲ್ಲಿ ಒಂದು ಸುರಂಗವಿತ್ತು. ನಮ್ಮ ಸೀಮೆಯ ಸುರಂಗವನ್ನು ನೋಡದ ಓದುಗರಿಗಾಗಿ ಎರಡು ಮಾತು. ಮುರಕಲ್ಲಿನ ಗುಡ್ಡದ ಹೊಟ್ಟೆಗೆ ಅಡ್ಡಲಾಗಿ, ಒಬ್ಬ ಮನುಷ್ಯ ನಿಂತು ನಡೆಯುವಷ್ಟು ಎತ್ತರಕ್ಕೆ ಮಾಟೆ ಕೊರೆಯುತ್ತಾರೆ. ಒಳಗೆ ಒಸರುವ ನೀರು ತಾನಾಗಿ ಹೊರಗೆ ಹರಿದು ಬರುತ್ತದೆ. ಪಂಪು ಬೇಡ, ಕರೆಂಟು ಬೇಡ. ಕಾಸರಗೋಡಿನಿಂದ ಬಂಟ್ವಾಳದ ಮಾಣಿಲದವರೆಗೆ ಗಡಿಯ ಎರಡೂ ಬದಿಗಳಲ್ಲಿ ಇಂಥ ಸುರಂಗಗಳಿವೆ. ತೋಡುವವನು ಒಂದು ಮೇಣದಬತ್ತಿ ಹಚ್ಚಿಟ್ಟುಕೊಂಡು ಕೆಲಸ ಮಾಡುತ್ತಾನೆ. ದೀಪ ಮಂಕಾದರೆ ಉಸಿರಾಡುವ ಗಾಳಿ ಕಡಿಮೆಯಾಯಿತೆಂದು ಅರ್ಥ. ಹಾರೆ ಬಿಟ್ಟು ಹೊರಗೆ ಬರಬೇಕು.

ನಮ್ಮ ಚರ್ಚಿನ ಸುರಂಗವನ್ನು ನನಗಿಂತ ಹಿಂದಿದ್ದ ಗುರುಗಳ ಕಾಲದಲ್ಲಿ ತೋಡಿದವನು ಗಡಿಯಾಚೆಯ ಒಬ್ಬ ಕೂಲಿಕಾರ. ನಾನು ಅಲ್ಲಿಗೆ ಹೋಗುವ ವೇಳೆಗೆ ಅವನಿಗೆ ಅರುವತ್ತು ದಾಟಿತ್ತು. ಆದರೂ ಪ್ರತಿವರ್ಷ ಬೇಸಿಗೆಯ ಮೊದಲು ಗುಡ್ಡದ ಕಾಲುದಾರಿಯಲ್ಲಿ ಬಂದು, ಒಳಗೆ ಕುಸಿದ ಮಣ್ಣನ್ನು ತೆಗೆದು, ನೀರಿನ ದಾರಿ ಸರಿಮಾಡಿ ಹೋಗುತ್ತಿದ್ದ. 2020ರ ಮಾರ್ಚ್ ತಿಂಗಳಲ್ಲಿಯೂ ಬಂದ. ಎರಡು ದಿನದ ಕೂಲಿಯನ್ನು ಕೊಡುವಾಗ ಕೈಯಲ್ಲಿ ಚಿಲ್ಲರೆಯಿರಲಿಲ್ಲವೆಂದು, "ಮುಂದಿನ ವಾರ ಬಾ, ಒಟ್ಟಿಗೆ ಕೊಡುತ್ತೇನೆ" ಎಂದೆ. ಮುಂದಿನ ವಾರ ದೇಶವೇ ಬಾಗಿಲು ಹಾಕಿಕೊಂಡಿತು.

ಆ ದಿನಗಳು ಎಲ್ಲರಿಗೂ ನೆನಪಿವೆ. ಕಾಸರಗೋಡಿನಲ್ಲಿ ಕೊರೋನಾ ಪ್ರಕರಣಗಳು ಹೆಚ್ಚುತ್ತಿದ್ದವು, ಭಯಕ್ಕೆ ಕಾರಣವಿಲ್ಲದಿರಲಿಲ್ಲ. ಕರ್ನಾಟಕ ಗಡಿಯನ್ನು ಮುಚ್ಚಿತು. ಎರಡೂ ರಾಜ್ಯಗಳನ್ನು ಜೋಡಿಸುವ ಹಲವು ರಸ್ತೆಗಳ ಮೇಲೆ ಲಾರಿಗಟ್ಟಲೆ ಮಣ್ಣು ಬಿತ್ತು. ಚಿಕಿತ್ಸೆಗೆ ಮಂಗಳೂರನ್ನೇ ನಂಬಿದ್ದ ಕಾಸರಗೋಡಿನ ಹಲವು ರೋಗಿಗಳು ತಲಪಾಡಿ ದಾಟಲಾಗದೆ ಅಸುನೀಗಿದ ಸುದ್ದಿ ಪತ್ರಿಕೆಗಳಲ್ಲಿ ಬಂತು. ಪ್ರಕರಣ ಕೇರಳದ ಉಚ್ಚ ನ್ಯಾಯಾಲಯಕ್ಕೆ, ಅಲ್ಲಿಂದ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ತುರ್ತು ರೋಗಿಗಳನ್ನು ದಾಟಿಸುವ ಕ್ರಮಕ್ಕೆ ಎರಡೂ ಕಡೆಯವರು ಒಪ್ಪಿದ್ದಾರೆಂದು ಏಪ್ರಿಲ್ 7ರಂದು ನ್ಯಾಯಾಲಯಕ್ಕೆ ತಿಳಿಸಲಾಯಿತು.

ನಮ್ಮ ಅಮ್ಮ ಆಗ ಪೆರ್ಲದ ಕಡೆಯ ಮನೆಯಲ್ಲಿ ತಮ್ಮನ ಜೊತೆಗಿದ್ದರು. ಅವರ ರಕ್ತದೊತ್ತಡದ ಮಾತ್ರೆ ಮುಗಿದಿತ್ತು. ಮಂಗಳೂರಿನಿಂದ ತರಿಸಿದ ಮಾತ್ರೆಗಳನ್ನು ಚೀಲದಲ್ಲಿ ಹಾಕಿಕೊಂಡು ಒಳರಸ್ತೆಯೊಂದರ ಮಣ್ಣಿನ ರಾಶಿಯ ಬಳಿಗೆ ಹೋದೆ. ಆಚೆ ತಮ್ಮ ನಿಂತಿದ್ದ. ಕಾವಲಿನ ಪೊಲೀಸರು ನನ್ನ ನಿಲುವಂಗಿ ನೋಡಿಯೋ ಏನೋ, ಮುಖ ತಿರುಗಿಸಿ ನಿಂತರು. ನಾನು ಚೀಲವನ್ನು ರಾಶಿಯ ಮೇಲಿಟ್ಟು ಹಿಂದೆ ಸರಿದೆ. ತಮ್ಮ ಬಂದು ಎತ್ತಿಕೊಂಡು, ಅದೇ ಜಾಗದಲ್ಲಿ ಅಮ್ಮ ಕಳುಹಿಸಿದ ಹಲಸಿನ ಹಪ್ಪಳದ ಕಟ್ಟನ್ನು ಇಟ್ಟು ಹೋದ. ಮನೆಗೆ ಬರುವ ದಾರಿಯುದ್ದಕ್ಕೂ ನಾನು ಆ ಮಣ್ಣಿನ ರಾಶಿಯನ್ನು ಮನಸ್ಸಿನಲ್ಲೇ ಶಪಿಸಿದೆ. ತಾಯಿ ಮಗನ ನಡುವೆ ಮಣ್ಣು ಸುರಿಯುವ ಹಕ್ಕು ಯಾರಿಗಿದೆ ಎಂದು ನನ್ನನ್ನೇ ಕೇಳಿಕೊಂಡೆ.

ಮೂರು ದಿನಗಳ ನಂತರ, ಮಧ್ಯಾಹ್ನದ ಬಿಸಿಲಿನಲ್ಲಿ ಗೇಟಿನ ಬಳಿ ಯಾರೋ ಕೂಗಿದಂತಾಯಿತು. ನೋಡಿದರೆ ಅವನೇ, ಸುರಂಗದವನು. ರಸ್ತೆ ಮುಚ್ಚಿದ್ದರಿಂದ ಕಾಡಿನ ದಾರಿಯಲ್ಲಿ ಬಂದಿದ್ದ. ಕಾಲಿಗೆ ಮುಳ್ಳು ಗೀರಿದ್ದವು. "ಸ್ವಾಮೀ, ಆ ಕೂಲಿ ಸಿಕ್ಕಿದ್ದರೆ ಅಕ್ಕಿ ತರುತ್ತಿದ್ದೆ" ಎಂದ.

ನಾನು ಕಿಟಕಿಯಿಂದ ಈಚೆಗೆ ಬರಲಿಲ್ಲ. ಗಡಿಯಾಚೆಯವನನ್ನು ಒಳಗೆ ಸೇರಿಸಿದೆನೆಂದು ಊರವರು ಹೇಳಿದರೆ? ಪೊಲೀಸರಿಗೆ ದೂರು ಹೋದರೆ? ಅಡುಗೆಯವರಿಗೆ ಸೋಂಕು ತಗುಲಿದರೆ? ಇಷ್ಟೂ ಪ್ರಶ್ನೆಗಳು ಒಂದೇ ಕ್ಷಣದಲ್ಲಿ ಬಂದವು. "ಈಗ ಇಲ್ಲಿಗೆ ಬರಬಾರದು, ನನಗೆ ತೊಂದರೆಯಾಗುತ್ತದೆ. ಎಲ್ಲ ಸರಿಯಾದ ಮೇಲೆ ಬಾ" ಎಂದು ಕಿಟಕಿಯಿಂದಲೇ ಹೇಳಿದೆ. ಹಣ ಮೇಜಿನ ಖಾನೆಯಲ್ಲೇ ಇತ್ತು; ಅದನ್ನು ಒಯ್ದು ಕೊಡಬೇಕೆಂದು ಆ ಗಳಿಗೆಯಲ್ಲಿ ನನಗೆ ತೋಚಲೇ ಇಲ್ಲವೆಂದು ಎಷ್ಟೋ ಕಾಲ ನನ್ನನ್ನು ಸಮಾಧಾನಪಡಿಸಿಕೊಂಡೆ. ನಿಜ ಹೇಳುವುದಾದರೆ ತೋಚಿತ್ತು. ಕೊಡಲು ಹೊರಗೆ ಹೋಗಬೇಕಾಗಿತ್ತು, ನಾನು ಹೋಗಲಿಲ್ಲ.

ಅವನು ವಾದಿಸಲಿಲ್ಲ. ಕುಡಿಯಲು ನೀರು ಕೇಳಿದ. ಅಡುಗೆಯವರು ಒಂದು ತಂಬಿಗೆಯನ್ನು ಕಂಪೌಂಡಿನ ಗೋಡೆಯ ಮೇಲಿಟ್ಟು ಬಂದರು. ಅವನು ತಂಬಿಗೆಗೆ ಬಾಯಿ ತಾಗಿಸದೆ ಎತ್ತಿ ಕುಡಿದು, ಅದನ್ನು ತೊಳೆದು ಅಲ್ಲೇ ಬೋರಲಿಟ್ಟು, ಬಂದ ದಾರಿಯಲ್ಲೇ ಹೋದ. ಆ ನೀರು ಅವನೇ ತೋಡಿದ ಸುರಂಗದ ನೀರು. ನಾನು ಪ್ರತಿದಿನ ಕುಡಿಯುತ್ತಿದ್ದುದೂ, ಬಲಿಪೂಜೆಯಲ್ಲಿ ದ್ರಾಕ್ಷಾರಸಕ್ಕೆ ಒಂದು ಹನಿ ಬೆರೆಸುತ್ತಿದ್ದುದೂ ಅದೇ ನೀರು. ಮರುದಿನ ಬೆಳಿಗ್ಗೆ ಖಾಲಿ ಚರ್ಚಿನಲ್ಲಿ ಒಬ್ಬನೇ ಬಲಿಪೂಜೆ ಅರ್ಪಿಸುವಾಗ ಆ ಹನಿಯನ್ನು ಬೆರೆಸುವ ಕೈ ನಡುಗಿತು. ಸಮಾರಿಯದ ಪಥಿಕನ ಸಾಮತಿಯ ಮೇಲೆ ನಾನು ಎಷ್ಟೋ ಸಲ ಪ್ರವಚನ ಕೊಟ್ಟವನು. ಗಾಯಾಳುವನ್ನು ಕಂಡು ಪಕ್ಕದಿಂದ ಸರಿದು ಹೋದ ಯಾಜಕನ ಬಗ್ಗೆ ಮಾತನಾಡುವುದು ಎಷ್ಟು ಸುಲಭವಾಗಿತ್ತು!

ಗಡಿ ತೆರೆದ ಮೇಲೆ ಹಣವನ್ನೂ ಅಕ್ಕಿಯನ್ನೂ ತೆಗೆದುಕೊಂಡು ಅವನ ಮನೆ ಹುಡುಕಿಕೊಂಡು ಹೋದೆ. ಅವನು ಜಗಲಿಯಲ್ಲಿ ಹಗ್ಗ ಹೊಸೆಯುತ್ತ ಕುಳಿತಿದ್ದ. ತಪ್ಪಾಯಿತೆಂದು ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೋಗಲಿ ಸ್ವಾಮೀ. ಸುರಂಗದೊಳಗೆ ದೀಪ ಮಂಕಾದರೆ ನಾವೂ ಜೊತೆಗಾರನನ್ನು ನೋಡದೆ ಹೊರಗೆ ಓಡುತ್ತೇವೆ. ಆದರೆ ಹೊರಗೆ ಬಂದ ಮೇಲೆ ಅವನ ಹೆಸರು ಹಿಡಿದು ಕೂಗುತ್ತೇವೆ" ಎಂದ. ನಾನು ಬಂದದ್ದನ್ನು ಅವನು ಆ ಕೂಗಿನ ಲೆಕ್ಕಕ್ಕೆ ಸೇರಿಸಿಕೊಂಡನೆಂದು ಕಾಣುತ್ತದೆ. ಹಣ ತೆಗೆದುಕೊಂಡ. ಅಕ್ಕಿಯನ್ನು ಮಾತ್ರ ಬೇಡವೆಂದ. ಆ ದಿನಗಳಲ್ಲಿ ನೆರೆಯ ಮನೆಯವರು ಕೊಟ್ಟಿದ್ದರಂತೆ, ಅವರಿಗೆ ಕೊಡಿ ಎಂದ. ಕೊಟ್ಟು ಬಂದೆ. ಅಮ್ಮ 2022ರಲ್ಲಿ ತೀರಿಕೊಂಡಾಗ ಯಾವ ಮಣ್ಣಿನ ರಾಶಿಯೂ ಅಡ್ಡವಿರಲಿಲ್ಲ. ಅಮ್ಮನ ಸಮಾಧಿಗೆ ಮಣ್ಣು ಹಾಕುವಾಗ ಅವನೂ ಬಂದು ಹಿಂದೆ ನಿಂತಿದ್ದ.

ಈಚೆಗೆ ಯುರೋಪಿನ ಎರಡು ಸಣ್ಣ ಊರುಗಳ ಬಗ್ಗೆ ಓದಿದೆ. ಇಟಲಿಯ ಗೊರಿಜಿಯಾ ಮತ್ತು ಸ್ಲೊವೇನಿಯಾದ ನೋವಾ ಗೊರಿತ್ಸಾ. ಎರಡನೆಯ ಮಹಾಯುದ್ಧದ ನಂತರ, 1947ರಲ್ಲಿ ಎಳೆದ ಗಡಿ ಆ ಸೀಮೆಯನ್ನು ಸೀಳಿತು. ಹತ್ತಿರದ ಮಿರೆನ್ ಎಂಬ ಹಳ್ಳಿಯಲ್ಲಿ ಸಮಾಧಿಭೂಮಿಯ ನಡುವೆಯೇ ಗಡಿಯ ಗೆರೆ ಹಾದುಹೋಯಿತು. 1975ರ ಸುಮಾರಿಗೆ ಅದು ಸರಿಯಾಯಿತು. ಸ್ಲೊವೇನಿಯಾ ಯುರೋಪಿಯನ್ ಒಕ್ಕೂಟವನ್ನು ಸೇರಿದ 2004ರಲ್ಲಿ ಎರಡು ಊರುಗಳ ನಡುವಿನ ಚೌಕದ ಬೇಲಿಯನ್ನು ಕಿತ್ತರು. ಅನಂತರ ಆ ಸೀಮೆಯ ಮೂರು ಪುರಸಭೆಗಳು ಕೂಡಿ ಒಂದೇ ಜಂಟಿ ಸಂಸ್ಥೆಯನ್ನು ಕಟ್ಟಿಕೊಂಡವು. 2020ರ ಮಾರ್ಚ್‌ನಲ್ಲಿ, ನಮ್ಮಲ್ಲಿ ಮಣ್ಣು ಬಿದ್ದ ಅದೇ ತಿಂಗಳು, ಆ ಚೌಕದಲ್ಲಿ ಬೇಲಿ ಮತ್ತೆ ಎದ್ದಿತು. ಬಂಧುಗಳು ಅದರ ಎರಡೂ ಬದಿಗಳಲ್ಲಿ ನಿಂತು ಮಾತನಾಡಿದರು. ಆದರೆ ಆ ಊರುಗಳು ಅಲ್ಲಿಗೇ ನಿಲ್ಲಲಿಲ್ಲ. 2025ರಲ್ಲಿ ಎರಡೂ ಒಟ್ಟಾಗಿ ಯುರೋಪಿನ ಸಾಂಸ್ಕೃತಿಕ ರಾಜಧಾನಿ ಎಂಬ ಗೌರವ ಪಡೆದವು. ಅವರೂ ನಮ್ಮಂತೆಯೇ ರಾಜಧಾನಿಗಳಿಗೆ ದೂರದ, ಗಡಿಯ ಮೂಲೆಯ ಜನ. ಭಯ ಬಂದಾಗ ಅವರೂ ಬೇಲಿ ಹಾಕಿದರು. ಭಯ ಕಳೆದ ಮೇಲೆ ಹೆಸರು ಹಿಡಿದು ಕೂಗಿದರು. ಅಷ್ಟೇ ವ್ಯತ್ಯಾಸ, ಮತ್ತು ಆ ವ್ಯತ್ಯಾಸ ಸಣ್ಣದಲ್ಲ.

ನಮ್ಮ ಮುಂದಿರುವ ಕಷ್ಟಗಳೂ ಸಣ್ಣವಲ್ಲ. ಸಂಪಾಜೆ, ಅರಂತೋಡು, ಮರ್ಕಂಜದ ತೋಟಗಳನ್ನು ದಶಕಗಳಿಂದ ತಿನ್ನುತ್ತಿರುವ ಹಳದಿ ಎಲೆ ರೋಗ ನೂರು ವರ್ಷಗಳ ಹಿಂದೆ ಕಾಣಿಸಿಕೊಂಡದ್ದು ಕೇರಳದಲ್ಲಿ. ಈಗ ಎಲೆಚುಕ್ಕಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. ಒಂದೇ ಬೆಳೆಯನ್ನು ನಂಬಿ ಮನೆ, ಮದುವೆ, ಮಕ್ಕಳ ವಿದ್ಯೆ ಎಲ್ಲವನ್ನೂ ನಡೆಸುವ ನಾವು ಆ ಮಾತನ್ನು ಕೇಳಿಸಿಕೊಳ್ಳದವರಂತೆ ಎಷ್ಟು ದಿನ ಇರಬಹುದು? ಕೊಕ್ಕೋದಂಥ ಇನ್ನೊಂದು ಆಸರೆಯನ್ನು ಹುಡುಕುವುದಾದರೂ, ಬತ್ತುತ್ತಿರುವ ತೋಡುಗಳಿಗೆ ಮಳೆಗಾಲ ಮುಗಿದೊಡನೆ ಕಟ್ಟ ಕಟ್ಟುವುದಾದರೂ, ಅದು ಒಬ್ಬರ ತೋಟದೊಳಗೆ ಮುಗಿಯುವ ಕೆಲಸವಲ್ಲ. ಏತಡ್ಕದ ಜನ ಸಾಲು ಸಾಲಾಗಿ ಕಟ್ಟಗಳನ್ನು ಕಟ್ಟಿ ತೋರಿಸಿದ್ದೂ ಇದನ್ನೇ: ಮೇಲಿನವನು ಕಟ್ಟಿದ ಕಟ್ಟದಿಂದ ಕೆಳಗಿನವನ ಬಾವಿ ತುಂಬುತ್ತದೆ. ಜಗದ್ಗುರು ಫ್ರಾನ್ಸಿಸರು 2015ರ ತಮ್ಮ ವಿಶ್ವಪತ್ರದಲ್ಲಿ ಭೂಮಿಯನ್ನು ನಮ್ಮೆಲ್ಲರ ಸಾಮಾನ್ಯ ಮನೆಯೆಂದು ಕರೆದರು. ಸಾಮಾನ್ಯ ಮನೆಯಲ್ಲಿ ಒಂದು ಕೋಣೆಯ ಮಾಡು ಸೋರಿದರೆ ಉಳಿದವರು ನಿಶ್ಚಿಂತೆಯಿಂದ ಮಲಗಲಾರರು.

ಸವಣೂರಿನ ಆ ಮನೆಗೆ ಮುಂದಿನ ವಾರ ಮತ್ತೆ ಹೋದೆ. "ದೊಡ್ಡಪ್ಪನ ಮಗನ ಮನೆಗೆ ಹೋಗೋಣ, ನಾನೂ ಬರುತ್ತೇನೆ" ಎಂದೆ. ಯಜಮಾನರು ಬಹಳ ಹೊತ್ತು ಒಪ್ಪಲಿಲ್ಲ. "ನಾನು ಹೋದರೆ ಸೋತಂತೆ, ಫಾದರ್" ಎಂದರು. ಆಗ ನಾನು ಸುರಂಗದವನ ಕಥೆಯನ್ನು, ನನ್ನ ಕಿಟಕಿಯ ಕಥೆಯನ್ನು ಅವರಿಗೆ ಹೇಳಿದೆ. ಯಾರೊಡನೆಯೂ ಹೇಳದಿದ್ದ ಮಾತು ಅದು. ಅವರು 'ಸರಿ' ಎನ್ನಲಿಲ್ಲ. ಎದ್ದು ಅಂಗಿ ಹಾಕಿಕೊಂಡರು.

ಅಗಳು ದಾಟಲು ಹಿಂದೆ ಇದ್ದ ಅಡಿಕೆಮರದ ಪಾಲ ಆರು ವರ್ಷಗಳಲ್ಲಿ ಕುಂಬಾಗಿ ಬಿದ್ದುಹೋಗಿತ್ತು. ಇಬ್ಬರೂ ಇಳಿದು ಹತ್ತಿದೆವು. ಆಚೆಯ ಮನೆಯ ಜಗಲಿಯಲ್ಲಿ ಮೊದಲು ಮಾತು ಹುಟ್ಟಲಿಲ್ಲ. ಬಳಿಕ ಆಚೆಯವರೇ, "ನಿನ್ನ ತೋಟದಲ್ಲಿಯೂ ಚುಕ್ಕಿ ಬಂದಿದೆಯಾ?" ಎಂದು ಕೇಳಿದರು. "ಬಂದಿದೆ, ಅಣ್ಣ" ಎಂದರು ನಮ್ಮವರು. ಮದ್ದು ಬಿಡುವವರು ಸಿಗುವುದಿಲ್ಲ, ಸಿಕ್ಕಿದರೆ ಕೂಲಿ ಹೆಚ್ಚು ಎಂಬುದು ಆಚೆಯವರ ಕಷ್ಟವಾಗಿತ್ತು; ಹಟವೆಂದು ಈಚೆಯವರು ತಿಳಿದುಕೊಂಡಿದ್ದರು. ಎರಡೂ ತೋಟಗಳಿಗೆ ಒಂದೇ ದಿನ, ಒಂದೇ ಜನರಿಂದ ಮದ್ದು ಬಿಡಿಸುವುದೆಂದು ಮಾತಾಯಿತು. ವ್ಯಾಜ್ಯದ ವಿಷಯ ಯಾರೂ ಎತ್ತಲಿಲ್ಲ. ಅದು ಇನ್ನೂ ನ್ಯಾಯಾಲಯದಲ್ಲೇ ಇದೆ.

ಭಾನುವಾರ ಬಲಿಪೂಜೆಯ ನಂತರ ಅವರು ಈಗಲೂ ಬೇರೆ ಬೇರೆ ಬಾಗಿಲಿನಿಂದಲೇ ಹೊರಗೆ ಹೋಗುತ್ತಾರೆ. ಆದರೆ ಮೊನ್ನೆ ಆ ದಾರಿಯಾಗಿ ಹೋಗುವಾಗ ನೋಡಿದೆ: ಅಗಳಿನ ಮೇಲೆ ಹೊಸದಾಗಿ ಎರಡು ಅಡಿಕೆಮರಗಳನ್ನು ಜೋಡಿಸಿ ಹಾಕಿದ್ದರು. ಯಾರು ಹಾಕಿದರೆಂದು ನಾನು ಕೇಳಲಿಲ್ಲ.